ವ್ಯತ್ಯಾಸ ಕಂಡರೆ ಸಾಲದು, ಕಾರಣ ಹೇಳಬೇಕು

ಮನೋವಿಜ್ಞಾನದಲ್ಲಿ ಸಿದ್ಧಾಂತಕ್ಕೆ ಮೊದಲ ಮಣೆ ಹಾಕಬೇಕು, ಒಂದು ನಡವಳಿಕೆ ಯಾಕೆ ಹಾಗಿದೆ ಎಂದು ವಿವರಿಸದ ಅಧ್ಯಯನವನ್ನು ಪೂರ್ತಿಯಾದ ಅಧ್ಯಯನ ಎನ್ನಬಾರದು ಎಂದು ನಾನು ಹೇಳುತ್ತ ಬಂದಿದ್ದೇನೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಅಧ್ಯಾಪಕ ಮಿತ್ರರು, ಶಾಲಾ ಶಿಕ್ಷಕರು, ಆರೋಗ್ಯ ಇಲಾಖೆಯಲ್ಲಿ ದುಡಿಯುವವರು ಅನೇಕರು ಇದನ್ನು ಒಪ್ಪಿಲ್ಲ. ಅವರ ಆಕ್ಷೇಪಗಳು ಹಗುರವಾದವಲ್ಲ. ಹಳ್ಳಿಗಳಲ್ಲಿ ನನಗಿಂತ ಹೆಚ್ಚು ಕಾಲ ಕೆಲಸ ಮಾಡಿದವರ ಮಾತುಗಳೂ ಅವುಗಳಲ್ಲಿವೆ. ಹಾಗಾಗಿ ಒಂದೊಂದನ್ನೂ ಎದುರಿಗಿಟ್ಟುಕೊಂಡು ಉತ್ತರಿಸುತ್ತೇನೆ.

1. ‘ಮೊದಲು ಅಂಕಿಅಂಶ ಸೇರಲಿ, ಸಿದ್ಧಾಂತ ಆಮೇಲೆ ತಾನಾಗಿಯೇ ಬರುತ್ತದೆ’

ಇದರ ಹಿಂದೆ ನ್ಯಾಯವಾದ ಕಾಳಜಿಯೇ ಇದೆ. ನಮ್ಮ ತಾಲ್ಲೂಕುಗಳ ಜನರ ಮನಸ್ಸಿನ ಬಗ್ಗೆ ಬರೆದಿಟ್ಟ ಮಾಹಿತಿಯೇ ಕಡಿಮೆ. ಕಾಣದ್ದನ್ನು ವಿವರಿಸಲು ಹೊರಡುವುದು ಆತುರ ಎನ್ನುತ್ತಾರೆ. ಆದರೆ ಅಂಕಿಅಂಶ ಸೇರಿಸುವ ಕೆಲಸ ನಡೆಯುವ ಬಗೆಯನ್ನು ನೋಡಿ. ಪರೀಕ್ಷೆಯ ಭಯದ ಮೇಲೆ ಒಂದು ಪ್ರಬಂಧ ಎಂದುಕೊಳ್ಳೋಣ. ಬೇರೆಲ್ಲೋ ತಯಾರಾದ ಪ್ರಶ್ನಾವಳಿಯ ಕನ್ನಡ ರೂಪವನ್ನು ಹಳ್ಳಿಯ ಐವತ್ತು ಮಕ್ಕಳಿಗೂ ಪಟ್ಟಣದ ಐವತ್ತು ಮಕ್ಕಳಿಗೂ ಹಂಚಲಾಗುತ್ತದೆ. ಅಂಕ ಕೂಡಿಸಿ, ಟಿ-ಪರೀಕ್ಷೆ ಮಾಡಿ, ‘ಗಣನೀಯ ವ್ಯತ್ಯಾಸವಿದೆ’ ಎಂದು ಬರೆಯಲಾಗುತ್ತದೆ. ಮುಂದಿನ ಅಧ್ಯಾಯವೇ ‘ಸಲಹೆಗಳು’. ನಡುವೆ ಇರಬೇಕಾದ ಅಧ್ಯಾಯ ಇಲ್ಲ.

ಹಳ್ಳಿಯ ಮಗು ಹೆಚ್ಚು ಹೆದರುವುದಕ್ಕೆ ಕಾರಣ ಮನೆಯಲ್ಲಿ ಓದು ಕಂಡವರು ಅದಕ್ಕಿಂತ ಮೊದಲು ಯಾರೂ ಇಲ್ಲದಿರುವುದೇ? ಫೇಲಾದರೆ ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಎಂಬ ಹುಡುಗಿಯ ಲೆಕ್ಕಾಚಾರವೇ? ಕನ್ನಡದಲ್ಲಿ ಕಲಿತದ್ದು ಮುಂದೆ ಇಂಗ್ಲಿಷಿನಲ್ಲಿ ಎದುರಾಗುವ ದಿಗಿಲೇ? ಮೂರಕ್ಕೂ ಬೇರೆ ಬೇರೆ ಪರಿಹಾರ ಬೇಕು. ಪ್ರಶ್ನಾವಳಿಯ ಒಟ್ಟು ಅಂಕ ಮೂರನ್ನೂ ಒಂದೇ ಎಂದು ಎಣಿಸುತ್ತದೆ. ಇಂಥ ನೂರು ಪ್ರಬಂಧಗಳು ಸೇರಿದರೂ ಉತ್ತರ ತಾನಾಗಿ ಮೇಲೆ ಬರುವುದಿಲ್ಲ, ಏಕೆಂದರೆ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ.

ನಮ್ಮ ನಾಡಿನ ಮನೋವಿಜ್ಞಾನದ ಮೊದಲ ಪಾಠವೂ ಇದೇ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಉಳಿದ ವಿಷಯಗಳಲ್ಲೂ ಮುಂದಿರುವುದನ್ನು ಗಮನಿಸಿದ ಸ್ಪಿಯರ್‌ಮನ್, ಎಲ್ಲದರ ಹಿಂದೆ ಒಂದೇ ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲಿ ವಾದಿಸಿದರು. ಅಂಥ ಒಂದು ಶಕ್ತಿಯೇ ಇಲ್ಲದಿದ್ದರೂ, ಅನೇಕ ಸಣ್ಣ ಸಾಮರ್ಥ್ಯಗಳು ಬೇರೆ ಬೇರೆ ಪರೀಕ್ಷೆಗಳಲ್ಲಿ ಬೆರೆತರೆ ಅಂಕಗಳಲ್ಲಿ ಇದೇ ವಿನ್ಯಾಸ ಮೂಡುತ್ತದೆ ಎಂದು 1916ರಲ್ಲಿ ಗಾಡ್‌ಫ್ರೆ ಥಾಮ್ಸನ್ ತೋರಿಸಿಕೊಟ್ಟರು. ಅಂಕಪಟ್ಟಿ ಒಂದೇ, ವಿವರಣೆ ಎರಡು. ಇನ್ನಷ್ಟು ಅಂಕಪಟ್ಟಿ ತಂದು ಗುಡ್ಡೆ ಹಾಕಿದರೆ ಈ ಜಗಳ ತೀರುವುದಿಲ್ಲ. ಎರಡು ವಿವರಣೆಗಳೂ ಎಲ್ಲಿ ಬೇರೆ ಬೇರೆ ಫಲ ಹೇಳುತ್ತವೋ ಆ ಜಾಗವನ್ನು ಹುಡುಕಬೇಕು. ಆ ಜಾಗ ತೋರಿಸುವುದು ಸಿದ್ಧಾಂತ ಮಾತ್ರ.

2. ‘ಮುಂದೇನಾಗುತ್ತದೆ ಎಂದು ಹೇಳಲು ಬಂದರೆ ಸಾಕು’

ಯಾವ ಮಗು ಶಾಲೆ ಬಿಡುತ್ತದೆ, ಯಾರು ಖಿನ್ನತೆಗೆ ಜಾರುತ್ತಾರೆ ಎಂದು ಕಂಪ್ಯೂಟರೇ ಹೇಳುವ ಕಾಲದಲ್ಲಿ ‘ಯಾಕೆ’ ಎಂಬ ಪ್ರಶ್ನೆಗೆ ಏನು ಬೆಲೆ ಎಂದು ಕಿರಿಯ ಮಿತ್ರರು ಕೇಳುತ್ತಾರೆ. ಒಂದು ಪ್ರಸಿದ್ಧ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಪುಟ್ಟ ಮಕ್ಕಳ ಮುಂದೆ ಮಿಠಾಯಿ ಇಟ್ಟು, ತಾವು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುವುದಾಗಿ ಹೇಳಿದರು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು. ಭವಿಷ್ಯ ಹೇಳುವ ಪರೀಕ್ಷೆ ಸಿಕ್ಕಿತು ಎಂದು ಜಗತ್ತು ಹಿಗ್ಗಿತು; ಮಕ್ಕಳಿಗೆ ತಾಳ್ಮೆ ಕಲಿಸಬೇಕೆಂಬ ಪುಸ್ತಕಗಳು ಬಂದವು. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಒಂದು ಸಣ್ಣ ಬದಲಾವಣೆ ಮಾಡಿದರು. ಮಿಠಾಯಿ ಇಡುವ ಮೊದಲೇ ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಬಣ್ಣ ತರುತ್ತೇವೆ, ಚಂದದ ಸ್ಟಿಕರ್ ತರುತ್ತೇವೆ ಎಂದು ಹೇಳಿ ಮಾತು ತಪ್ಪಿದರು. ಯಾರಿಗೆ ಕೊಟ್ಟ ಮಾತು ಉಳಿಯಿತೋ ಆ ಮಕ್ಕಳು ಸರಾಸರಿ 12 ನಿಮಿಷ ಕಾದರು, ಯಾರಿಗೆ ಮಾತು ತಪ್ಪಿತೋ ಅವರು 3 ನಿಮಿಷ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತಂದರೆ ಮಿಠಾಯಿಗೂ ಮುಂದಿನ ಓದಿಗೂ ಇದ್ದ ನಂಟು ಬಹಳ ತೆಳುವಾಗಿ ಉಳಿಯಿತು.

ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ, ಹಟ್ಟಿಗಳಿಂದ ಗುಳೆ ಹೋಗುವ ಮನೆಗಳ ಮಕ್ಕಳ ಮುಂದೆ ಈ ಮಿಠಾಯಿಯನ್ನು ಇಟ್ಟು ನೋಡಿ. ಹಬ್ಬಕ್ಕೆ ಬರುತ್ತೇವೆ ಎಂದ ಅಪ್ಪ ಅವ್ವ ಕೆಲಸ ಮುಗಿಯದೆ ಬಾರದೇ ಇದ್ದದ್ದನ್ನು ಕಂಡ ಮಗು ಕೈಗೆ ಸಿಕ್ಕಿದ್ದನ್ನು ತಿಂದುಬಿಟ್ಟರೆ ಅದು ತಾಳ್ಮೆಯ ಕೊರತೆಯೇ, ಅನುಭವದ ಬುದ್ಧಿಯೇ? ಮೊದಲನೆಯದಾದರೆ ಮಗುವಿಗೆ ತರಬೇತಿ ಕೊಡಬೇಕು. ಎರಡನೆಯದಾದರೆ ದೊಡ್ಡವರು ಕೊಟ್ಟ ಮಾತು ಉಳಿಸಿಕೊಳ್ಳಬೇಕು. ವಿದ್ಯಾರ್ಥಿವೇತನ ಹೇಳಿದ ತಿಂಗಳಲ್ಲಿ ಬರಬೇಕು, ಹಾಸ್ಟೆಲ್ ಹೇಳಿದ ದಿನ ತೆರೆಯಬೇಕು. ‘ಈ ಮಗು ಹಿಂದೆ ಬೀಳುತ್ತದೆ’ ಎಂದು ಹೇಳುವ ಯಂತ್ರ ಎರಡೂ ಸಂದರ್ಭಗಳಲ್ಲಿ ಸರಿಯೇ ಇರಬಹುದು. ಆದರೆ ಏನು ಮಾಡಬೇಕೆಂದು ಅದು ಹೇಳಲಾರದು. ಕಾರಣ ತಿಳಿಯದೆ ಭವಿಷ್ಯವನ್ನಷ್ಟೇ ಹೇಳಿದರೆ ಮಗುವಿನ ಹಣೆಗೆ ಚೀಟಿ ಅಂಟಿಸಿದಂತಾಗುತ್ತದೆ.

3. ‘ಫಲ ಸಿಕ್ಕರೆ ಆಯಿತು, ಕಾರಣ ಕಟ್ಟಿಕೊಂಡು ಏನು ಮಾಡುವುದು?’

ಇದು ಆರೋಗ್ಯ ಕ್ಷೇತ್ರದವರ ಮಾತು, ರೋಗಿಯ ಮುಂದೆ ನಿಂತವರ ಮಾತು. ಗೌರವದಿಂದಲೇ ಎರಡು ಉದಾಹರಣೆ ಕೊಡುತ್ತೇನೆ.

ಮೂರ್ಛೆರೋಗ ಬಂದು ಬಿದ್ದವರ ಕೈಗೆ ಕಬ್ಬಿಣ ಹಿಡಿಸುವುದು, ಬೀಗದ ಕೈಗೊಂಚಲು ಇಡುವುದು, ಈರುಳ್ಳಿ ಮೂಸಿಸುವುದು ನಮ್ಮಲ್ಲಿ ರೂಢಿ. ನೋಡಿದವರೆಲ್ಲ ಸಾಕ್ಷಿ ಹೇಳುತ್ತಾರೆ: ಕಬ್ಬಿಣ ಹಿಡಿಸಿದೆವು, ನಿಂತಿತು. ನಿಲ್ಲುವುದು ನಿಜ. ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಕಬ್ಬಿಣ ಹುಡುಕಿ ತರುವಷ್ಟರಲ್ಲಿ ಸೆಳವಿಗೆ ನಿಲ್ಲುವ ಹೊತ್ತು ಬಂದಿರುತ್ತದೆ. ‘ಫಲ ಸಿಕ್ಕರೆ ಸಾಕು’ ಎಂಬ ಅಳತೆಗೋಲಿನಲ್ಲಿ ಕಬ್ಬಿಣ ಪ್ರತಿಸಲ ಗೆಲ್ಲುತ್ತದೆ, ದಿನವೂ ಮಾತ್ರೆ ನುಂಗಬೇಕಾದ ರೋಗಿ ಸೋಲುತ್ತಾನೆ. ಸೆಳವು ಹೇಗೆ ಹುಟ್ಟಿ ಹೇಗೆ ಅಡಗುತ್ತದೆ ಎಂಬ ವಿವರಣೆ ಗೊತ್ತಿದ್ದವರು ಮಾತ್ರ ಆ ಸಾಕ್ಷಿಗೆ ಉತ್ತರಿಸಬಲ್ಲರು. ಬೈದ ಮೇಲೆ ಹುಡುಗ ಸುಧಾರಿಸಿದ ಎನ್ನುವ ಶಿಕ್ಷಕರ ಅನುಭವದಲ್ಲೂ ಇಂಥದ್ದೇ ಒಂದು ಮೋಸವಿದೆ. ತೀರಾ ಕೆಟ್ಟದಾಗಿ ಬರೆದ ಪರೀಕ್ಷೆಯ ನಂತರದ ಪರೀಕ್ಷೆ, ಬೈದರೂ ಬೈಯದಿದ್ದರೂ, ಸಾಮಾನ್ಯವಾಗಿ ಕೊಂಚ ಉತ್ತಮವಾಗಿಯೇ ಇರುತ್ತದೆ. ಇಸ್ರೇಲಿನ ವಿಮಾನಚಾಲಕರ ತರಬೇತುದಾರರು ಇದೇ ಭ್ರಮೆಯಲ್ಲಿದ್ದುದನ್ನು ಡೇನಿಯಲ್ ಕಾನೆಮನ್ ಗುರುತಿಸಿದ್ದರು.

ಎರಡನೆಯ ಉದಾಹರಣೆ ನಮ್ಮ ನೆಲದ್ದೇ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆಸಿತು. ಮೊದಲಲ್ಲಿ ಹೆಸರಿಸಿದ ಐದೂ ತಾಲ್ಲೂಕುಗಳ ಹಳ್ಳಿಗಳು ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗಗಳನ್ನು ಊರ ಹತ್ತಿರವೇ ಗುರುತಿಸಿ ಔಷಧಿ ಕೊಡುವ ವ್ಯವಸ್ಥೆ ಅದು. 1975ರ ಸುಮಾರಿಗೆ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಶುರುವಾದ ಪ್ರಯತ್ನ ಇಲ್ಲಿ ಜಿಲ್ಲೆಯ ಅಳತೆಗೆ ಬೆಳೆಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಬಳ್ಳಾರಿಯೇ ಮಾದರಿಯಾಯಿತು. ನಮ್ಮ ಜನ ಹೆಮ್ಮೆಪಡಬೇಕಾದ ಸಂಗತಿ ಇದು.

ದೇಶದ ಇತರ ಜಿಲ್ಲೆಗಳಿಗೆ ಹೋದಾಗ ಅದೇ ಮಾದರಿ ಕೆಲವೆಡೆ ಬೇರೂರಿತು, ಹಲವೆಡೆ ಸೊರಗಿತು. ಯಾಕೆ? ಬಳ್ಳಾರಿಯಲ್ಲಿ ಕೆಲಸ ಮಾಡಿದ್ದು ಯಾವುದು: ತರಬೇತಿಯೇ, ಔಷಧಿಯ ತಡೆಯಿಲ್ಲದ ಪೂರೈಕೆಯೇ, ನಿಮ್ಹಾನ್ಸ್ ತಜ್ಞರ ನಿರಂತರ ಒಡನಾಟವೇ, ಜಿಲ್ಲಾ ಆಡಳಿತದ ಬೆಂಬಲವೇ? ಫಲ ಬಂದದ್ದು ಎಲ್ಲರಿಗೂ ಗೊತ್ತಿತ್ತು. ಯಾವ ಅಂಗ ಕೈಬಿಟ್ಟರೆ ಫಲ ನಿಲ್ಲುತ್ತದೆ ಎಂಬುದನ್ನು ಮುಂಚಿತವಾಗಿ ಹೇಳುವ ವಿವರಣೆ ಕೈಯಲ್ಲಿರಲಿಲ್ಲ. ಮಾದರಿ ಪ್ರಯಾಣ ಮಾಡಿತು, ಅದರ ಕಾರಣ ಹಿಂದೆ ಉಳಿಯಿತು. ಹರಪನಹಳ್ಳಿಯ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಆಡಳಿತ ಹೀಗೆ ಕೈ ಬದಲಾಗುವ ಕಡೆ ಒಂದು ಯೋಜನೆಯ ಪ್ರಾಣ ಎಲ್ಲಿದೆ ಎಂದು ತಿಳಿಯದಿದ್ದರೆ ಮೊದಲು ಕಳೆದುಹೋಗುವುದು ಅದೇ ಪ್ರಾಣ.

4. ‘ಸಂಶೋಧನಾ ವಿಧಾನ ಸರಿಪಡಿಸಿದರೆ ಸಾಕು’

ಮನೋವಿಜ್ಞಾನಕ್ಕೆ ಬಡಿದ ಆಘಾತ ವಿಧಾನದ್ದು, ಸಿದ್ಧಾಂತದ್ದಲ್ಲ ಎನ್ನುವವರು 2015ರ ವರದಿಯನ್ನು ತೋರಿಸುತ್ತಾರೆ. 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ 97 ಗಣನೀಯ ಫಲ ತೋರಿಸಿದ್ದರೆ ಮರುಪ್ರಯೋಗದಲ್ಲಿ ತೋರಿಸಿದ್ದು ಸುಮಾರು ಮೂರನೆಯ ಒಂದು ಭಾಗ. ಹೆಚ್ಚು ಜನರನ್ನು ಸೇರಿಸಿಕೊಳ್ಳಿ, ಊಹೆಯನ್ನು ಮೊದಲೇ ನೋಂದಾಯಿಸಿ, ಮಾಹಿತಿಯನ್ನು ಬಹಿರಂಗವಾಗಿ ಇಡಿ ಎನ್ನುತ್ತಾರೆ. ಮೂರೂ ಆಗಲೇಬೇಕು. ಆದರೆ ಅಷ್ಟೇ ಸಾಲದು ಎಂದು ಪಾಲ್ ಮೀಲ್ 1967ರಲ್ಲೇ ಹೇಳಿದ್ದರು. ಭೌತವಿಜ್ಞಾನದಲ್ಲಿ ಅಳತೆ ಸೂಕ್ಷ್ಮವಾದಷ್ಟೂ ಸಿದ್ಧಾಂತಕ್ಕೆ ಕಷ್ಟ ಹೆಚ್ಚುತ್ತದೆ. ನಮ್ಮಲ್ಲಿ ಊಹೆ ‘ಏನೋ ಒಂದು ವ್ಯತ್ಯಾಸವಿದೆ’ ಎಂಬಷ್ಟೇ ಮಸುಕಾಗಿರುವುದರಿಂದ, ಜನ ಹೆಚ್ಚಿದಷ್ಟೂ ಅದು ಗೆಲ್ಲುವುದು ಸುಲಭವಾಗುತ್ತದೆ. ಎರಡು ಗುಂಪಿನ ಜನ ಯಾವುದರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದು ಅಪರೂಪ.

ಸಿದ್ಧಾಂತ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ಹೊಲಗಳಲ್ಲೇ ನೋಡೋಣ. 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಮತ್ತು ನಂತರ ಪರೀಕ್ಷಿಸಿದರು. ಕೈ ಖಾಲಿಯಿದ್ದಾಗ ಅದೇ ರೈತರು ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು, ಹಣ ಬಂದ ಮೇಲೆ ಸುಧಾರಿಸಿದರು. ಅಭಾವದ ಚಿಂತೆಯೇ ಮನಸ್ಸಿನ ಶಕ್ತಿಯನ್ನು ನುಂಗುತ್ತದೆ ಎಂಬುದು ಅವರ ವಿವರಣೆ. ಎರಡನೆಯ ಸಲ ಪರೀಕ್ಷೆ ಬರೆಯುವಾಗ ಅಭ್ಯಾಸದಿಂದಲೇ ಅಂಕ ಹೆಚ್ಚಿರಬಹುದು ಎಂದು ಟೀಕಾಕಾರರು ಆಕ್ಷೇಪಿಸಿದರು, ಸಂಶೋಧಕರು ಉತ್ತರವನ್ನೂ ಕೊಟ್ಟರು. ಕಟಾವಿಗೆ ಮೊದಲಿನ ದಣಿವೇ ಕಾರಣವಿರಬಹುದು ಎಂಬುದು ಇನ್ನೊಂದು ಸಾಧ್ಯತೆ. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮುಂದೆ ನಡೆಸಿದ ಇಂಥದ್ದೇ ಅಧ್ಯಯನದಲ್ಲಿ ಹೀಗೆ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ‘ಇನ್ನೂ ಸಾವಿರ ರೈತರನ್ನು ಸೇರಿಸಿ’ ಎಂದರೆ ಏನು ತಿಳಿದೀತು? ಅಭ್ಯಾಸದ ಫಲವೂ ಸಾವಿರ ಜನರಲ್ಲಿ ಅಷ್ಟೇ ಗಟ್ಟಿಯಾಗಿ ಮರುಕಳಿಸುತ್ತದೆ.

ವಿವರಣೆಗಳನ್ನು ಎದುರು ಬದುರು ನಿಲ್ಲಿಸಿ. ಕೂಡ್ಲಿಗಿಯ ಶೇಂಗಾ, ಮೆಕ್ಕೆಜೋಳದ ರೈತನಿಗೆ ಮಳೆ ಬಂದರೆ ವರ್ಷಕ್ಕೊಮ್ಮೆ ಹಣ. ಹಡಗಲಿಯ ಮಲ್ಲಿಗೆ ಬೆಳೆಗಾರರಿಗೆ ಹೂವಿನ ಕಾಲದಲ್ಲಿ ದಿನದಿನವೂ ಮೊಗ್ಗು, ದಿನದಿನವೂ ಮಾರಾಟ, ಬೆಳಕು ಹರಿಯುವ ಮುಂಚೆಯೇ ಬಿಡಿಸುವ ಕೆಲಸ. ಸುಗ್ಗಿಗೆ ಮೊದಲು ಒಮ್ಮೆ, ನಂತರ ಒಮ್ಮೆ ಇಬ್ಬರನ್ನೂ ಅದೇ ಅವಧಿಯಲ್ಲಿ, ಮಲ್ಲಿಗೆಯವರನ್ನು ಎರಡೂ ಸಲ ಹೂವಿನ ಕಾಲದೊಳಗೇ, ಪರೀಕ್ಷಿಸಿದ್ದೇವೆ ಎಂದುಕೊಳ್ಳೋಣ. ಅಭಾವದ ಸಿದ್ಧಾಂತ ನಿಜವಾದರೆ ಶೇಂಗಾ ರೈತನ ಅಂಕ ಏರುತ್ತದೆ, ಮಲ್ಲಿಗೆಯವರದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಭ್ಯಾಸವೇ ಕಾರಣವಾದರೆ ಇಬ್ಬರದೂ ಒಂದೇ ಸಮ ಏರಬೇಕು. ದಣಿವು ಕಾರಣವಾದರೆ, ಮಲ್ಲಿಗೆಯವರನ್ನು ಹೂವಿಲ್ಲದ ಕಾಲದಲ್ಲಿ ಇನ್ನೊಮ್ಮೆ ಪರೀಕ್ಷಿಸಿದಾಗ, ಕೈಯಲ್ಲಿ ಹಣವಿಲ್ಲದಿದ್ದರೂ, ಅವರು ಹೂವಿನ ಕಾಲಕ್ಕಿಂತ ಉತ್ತಮವಾಗಿ ಬರೆಯಬೇಕು. ಮೂರು ವಿವರಣೆಗೆ ಮೂರು ಬೇರೆ ಫಲ. ಇಷ್ಟು ಯೋಚಿಸಲು ಪ್ರಯೋಗಾಲಯ ಬೇಡ, ಅನುದಾನ ಬೇಡ. ಹಡಗಲಿಯ ಅಥವಾ ಕೂಡ್ಲಿಗಿಯ ವಿದ್ಯಾರ್ಥಿನಿ ಇದನ್ನು ಯೋಚಿಸಬಲ್ಲಳು, ಏಕೆಂದರೆ ಈ ಎರಡು ಬದುಕುಗಳ ವ್ಯತ್ಯಾಸ ಅವಳಿಗೆ ದೂರದ ವಿದ್ವಾಂಸರಿಗಿಂತ ಚೆನ್ನಾಗಿ ಗೊತ್ತು.

5. ‘ಸಿದ್ಧಾಂತಗಳು ಅನಾಹುತ ಮಾಡಿವೆ, ಏನನ್ನು ಬೇಕಾದರೂ ವಿವರಿಸಿಬಿಡುತ್ತವೆ’

ನನ್ನ ವಿರುದ್ಧದ ಅತ್ಯಂತ ಬಲವಾದ ಮಾತು ಇದು. ಆಟಿಸಂ ಇರುವ ಮಕ್ಕಳ ಸ್ಥಿತಿಗೆ ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂದು 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಎಷ್ಟೋ ತಾಯಂದಿರನ್ನು ಅಪರಾಧಿಗಳನ್ನಾಗಿ ಮಾಡಿತು. ಮಗುವಿಗೆ ಏನಾದರೂ ಕೊರತೆ ಕಂಡರೆ ‘ಗ್ರಹಣದಲ್ಲಿ ಹೊರಗೆ ಬಂದಿದ್ದೀಯ’ ಎಂದು ಬಸುರಿಯನ್ನೇ ದೂರುವ ನಮ್ಮ ಮನೆಗಳಿಗೆ ಆ ನೋವು ಹೊಸದಲ್ಲ.

ಆದರೆ ಆ ಸಿದ್ಧಾಂತ ಬಿದ್ದದ್ದು ಹೇಗೆ? ತಾಯಿಯ ಸಾಕಣೆ ಕಾರಣವಾಗಿದ್ದರೆ ಒಂದೇ ಮನೆಯಲ್ಲಿ ಬೆಳೆದ ತದ್ರೂಪಿ ಅವಳಿಗಳಿಗೂ ಬೇರೆ ರೂಪಿನ ಅವಳಿಗಳಿಗೂ ನಡುವೆ ಹೆಚ್ಚು ವ್ಯತ್ಯಾಸ ಕಾಣಬಾರದು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರಿಶೀಲಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ರೂಪಿನ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೆ ಇರಲಿಲ್ಲ. ಕೇವಲ 21 ಜೋಡಿಗಳು ಹುಟ್ಟಿನ ಮೂಲದತ್ತ ಬೆರಳು ತೋರಿಸಿದವು. ತಾಯಂದಿರ ಮೇಲಿನ ಆರೋಪ ತೊಳೆದದ್ದು ಸಿದ್ಧಾಂತವಿಲ್ಲದ ಎಣಿಕೆಯಲ್ಲ, ಎದುರಾಳಿ ವಿವರಣೆಯನ್ನು ಪರೀಕ್ಷೆಗೆ ಒಡ್ಡಿದ ಎಣಿಕೆ. ಕೆಟ್ಟ ಸಿದ್ಧಾಂತಕ್ಕೆ ಮದ್ದು ಒಳ್ಳೆಯ ಸಿದ್ಧಾಂತ. ಸಿದ್ಧಾಂತವೇ ಬೇಡ ಎಂದವರ ಮನಸ್ಸಿನಲ್ಲೂ ಒಂದು ಸಿದ್ಧಾಂತ ಕೂತಿರುತ್ತದೆ; ಹೊರಗೆ ಬಾರದ್ದರಿಂದ ಅದನ್ನು ಯಾರಿಂದಲೂ ಪರೀಕ್ಷಿಸಲಾಗುವುದಿಲ್ಲ.

‘ಏನನ್ನು ಬೇಕಾದರೂ ವಿವರಿಸುತ್ತದೆ’ ಎಂಬ ದೂರು ಸರಿ, ಆದರೆ ಅದು ಸಿದ್ಧಾಂತದ ಲಕ್ಷಣವಲ್ಲ, ಅದರ ದೋಷ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದಾಗ ಸೇರಿದ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಬರುವ ಕಾರ್ಣಿಕ ಒಂದೇ ಒಂದು ಸಾಲು. ಮಳೆಗೆ, ಬೆಳೆಗೆ, ರಾಜ್ಯದ ಆಗುಹೋಗುಗಳಿಗೆ ಜನ ಅದನ್ನು ವರ್ಷವಿಡೀ ಅರ್ಥೈಸಿಕೊಳ್ಳುತ್ತಾರೆ. ಭಕ್ತಿಗೆ ಅಂಥ ತೆರೆದ ಮಾತು ಬೇಕು. ಪ್ರತಿಯೊಬ್ಬರೂ ತಮ್ಮ ಆಸೆ, ಆತಂಕಗಳನ್ನು ಅದರಲ್ಲಿ ಇಟ್ಟುಕೊಳ್ಳಬಹುದು. ವಿಜ್ಞಾನದ ಧರ್ಮ ಬೇರೆ. ಏನಾದರೆ ತಾನು ಸುಳ್ಳಾಗುತ್ತೇನೆ ಎಂದು ಅದು ಮೊದಲೇ ಹೇಳಬೇಕು. ಫಲ ಬಂದ ಮೇಲೆ ಊಹೆ ಬರೆದು, ಮೊದಲೇ ಊಹಿಸಿದ್ದೆವು ಎನ್ನುವ ಪ್ರಬಂಧ ಭಕ್ತಿಯ ಸಮಾಧಾನವನ್ನೂ ಕೊಡುವುದಿಲ್ಲ, ವಿಜ್ಞಾನದ ಹೊಣೆಯನ್ನೂ ಹೊರುವುದಿಲ್ಲ.

6. ‘ಸಿದ್ಧಾಂತಗಳೆಲ್ಲ ಪರದೇಶದವು, ನಮ್ಮ ಮನಸ್ಸು ಬೇರೆ’

ಮನೋವಿಜ್ಞಾನದ ಪ್ರಯೋಗಗಳಲ್ಲಿ ಬಹುಪಾಲು ಪಾಶ್ಚಾತ್ಯ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದಿವೆ, ಅವರು ಮನುಕುಲದ ಪ್ರತಿನಿಧಿಗಳಲ್ಲ ಎಂದು 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ದಾಖಲೆ ಸಮೇತ ತೋರಿಸಿದರು. ಈ ಆಕ್ಷೇಪದ ಅರ್ಧಭಾಗವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ‘ನಾವು ಬೇರೆ’ ಎಂಬಲ್ಲಿಗೆ ಮಾತು ನಿಲ್ಲಿಸಿದರೆ ಅದೂ ವಿವರಣೆಯಿಲ್ಲದ ಒಂದು ವ್ಯತ್ಯಾಸವಷ್ಟೇ. ಯಾವುದರಲ್ಲಿ ಬೇರೆ, ಯಾವ ಕಾರಣಕ್ಕೆ ಬೇರೆ, ಆ ಕಾರಣ ಬದಲಾದರೆ ಅವರೂ ನಮ್ಮಂತಾಗುತ್ತಾರೆಯೇ ಎಂದು ಹೇಳಬೇಕಾದವರು ನಾವೇ.

ಅಂಥ ವಿವರಣೆಗೆ ಬೇಕಾದ ಮಾಹಿತಿ ಕೂಡಿಸಿದ ಭಾರತೀಯರು ಇದ್ದಾರೆ. 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಹರಡಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದರು. ನೆಲ ನಡುಗಿದ್ದನ್ನು ಅನುಭವಿಸಿಯೂ ಹಾನಿ ಕಾಣದ ಊರುಗಳಲ್ಲಿ, ಇನ್ನೂ ಘೋರವಾದ ಅನಾಹುತ ಬರುತ್ತದೆ ಎಂಬ ಸುದ್ದಿಗಳು ಹಬ್ಬಿದ್ದವು. ಮುಂದೆ ಡಾರ್ಜಿಲಿಂಗಿನ ಭೂಕುಸಿತದಲ್ಲಿ ನಿಜವಾಗಿ ನೊಂದವರ ನಡುವೆ ಅಂಥ ಸುದ್ದಿಗಳು ಹಬ್ಬಲಿಲ್ಲ ಎಂದು ದುರ್ಗಾನಂದ ಸಿನ್ಹಾ ದಾಖಲಿಸಿದರು. ಹೆದರಿದವರು ಇನ್ನೂ ಹೆದರಿಸುವ ಸುದ್ದಿಯನ್ನು ಯಾಕೆ ನಂಬಬೇಕು? ಅಮೆರಿಕದ ಲಿಯಾನ್ ಫೆಸ್ಟಿಂಗರ್ ಈ ಒಗಟನ್ನು ಹಿಡಿದು ಹೊರಟರು. ಕಣ್ಣೆದುರು ಹಾನಿಯಿಲ್ಲದೆ ಮನಸ್ಸಿನಲ್ಲಿ ಭಯವಿದ್ದಾಗ, ಆ ಭಯಕ್ಕೆ ತಕ್ಕ ಕಾರಣವನ್ನು ಮನಸ್ಸೇ ಒದಗಿಸಿಕೊಳ್ಳುತ್ತದೆ ಎಂದರು. 1957ರಲ್ಲಿ ಪ್ರಕಟವಾದ ಅವರ ಸಿದ್ಧಾಂತ ಇಪ್ಪತ್ತನೆಯ ಶತಮಾನದ ಮನೋವಿಜ್ಞಾನದಲ್ಲಿ ಅತಿ ಹೆಚ್ಚು ಚರ್ಚೆಯಾದವುಗಳಲ್ಲಿ ಒಂದು. ಬೀಜ ನಮ್ಮದು, ಮರ ಅವರದಾಯಿತು. ಅವರು ಕೇಳಿದ ‘ಯಾಕೆ’ಯನ್ನು ನಾವು ಗಟ್ಟಿಯಾಗಿ ಕೇಳದೇ ಹೋದದ್ದು ಅದಕ್ಕೆ ಕಾರಣ. ಸಿದ್ಧಾಂತಗಳು ಪರದೇಶದವು ಎಂದು ದೂರುತ್ತ, ಸಿದ್ಧಾಂತ ಕಟ್ಟುವ ಕೆಲಸವನ್ನೂ ಪರದೇಶಕ್ಕೇ ಬಿಟ್ಟುಕೊಟ್ಟರೆ ನಾವು ಎಂದೆಂದಿಗೂ ಮಾಹಿತಿ ಪೂರೈಸುವವರಾಗಿಯೇ ಉಳಿಯುತ್ತೇವೆ.

ನಾನು ಕೇಳುವುದು

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಭಾಗದ ಕಾಲೇಜುಗಳಲ್ಲಿ ಮನೋವಿಜ್ಞಾನದ ಅಥವಾ ಶಿಕ್ಷಣಶಾಸ್ತ್ರದ ಪ್ರಬಂಧ ಬರೆಯುವ ಪ್ರತಿ ವಿದ್ಯಾರ್ಥಿಯೂ ಪ್ರಶ್ನಾವಳಿ ಹಂಚುವ ಮೊದಲೇ ಮೂರು ಪ್ಯಾರಾ ಬರೆಯಲಿ. ಈ ವ್ಯತ್ಯಾಸ ಇದ್ದರೆ ಅದು ಯಾವ ಕಾರಣದಿಂದ, ಯಾವ ಹಂತಗಳಲ್ಲಿ ಉಂಟಾಗುತ್ತದೆ? ಇದೇ ಫಲ ಕೊಡಬಲ್ಲ ಬೇರೆ ಕಾರಣ ಯಾವುದು? ಏನು ಕಂಡರೆ ನನ್ನ ಊಹೆ ತಪ್ಪು ಎಂದು ಒಪ್ಪುತ್ತೇನೆ? ಮಾರ್ಗದರ್ಶಕರು ಈ ಮೂರನ್ನು ಓದದೆ ಸಹಿ ಹಾಕದಿರಲಿ. ಊಹೆ ತಪ್ಪೆಂದು ಪ್ರಾಮಾಣಿಕವಾಗಿ ತೋರಿಸಿದ ಪ್ರಬಂಧಕ್ಕೆ ಪರೀಕ್ಷಕರು ಪೂರ್ಣ ಅಂಕ ಕೊಡಲಿ.

ಇದರಿಂದ ಪ್ರಬಂಧಗಳ ಸಂಖ್ಯೆ ಕಡಿಮೆಯಾಗಬಹುದು, ‘ಗಣನೀಯ’ ಎಂಬ ಫಲಗಳೂ ಕಡಿಮೆಯಾಗಬಹುದು. ಆಗಲಿ. ಗುಳೆ ಹೋದ ಮನೆಯ ಮಗುವನ್ನು ತಾಳ್ಮೆಯಿಲ್ಲದ್ದು ಎಂದೂ, ಸಾಲದಲ್ಲಿರುವ ರೈತನನ್ನು ದಡ್ಡ ಎಂದೂ, ವಿಶೇಷ ಮಗುವಿನ ತಾಯಿಯನ್ನು ತಪ್ಪಿತಸ್ಥೆ ಎಂದೂ ಕರೆಯಲು ಅಂಕಿಅಂಶಗಳನ್ನು ಬಳಸಿದ ಉದಾಹರಣೆಗಳು ಈಗಾಗಲೇ ಸಾಕಷ್ಟಿವೆ. ಆ ಮೂವರಿಗೂ ನ್ಯಾಯ ಸಿಗುವುದು, ಕಂಡ ವ್ಯತ್ಯಾಸದ ಹಿಂದಿನ ಕಾರಣವನ್ನು ಯಾರಾದರೂ ಪಟ್ಟು ಹಿಡಿದು ಹುಡುಕಿದಾಗ ಮಾತ್ರ. ಹುಡುಕುವ ಆ ಕೆಲಸಕ್ಕೇ ಸಿದ್ಧಾಂತ ಎಂದು ಹೆಸರು. ಅದನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.